ಪ್ರಾರ್ಥನೆಯ ಹೊತ್ತಿಗೆ ಹೊರಗೆ ನಿಂತವರು

ಲಕ್ಷ್ಮೀದೇವಮ್ಮ, ಸಹಶಿಕ್ಷಕಿ, ಗುಬ್ಬಿ

ತುಮಕೂರು ಜಿಲ್ಲೆಯ ಶಾಲೆಗಳಲ್ಲಿ ವಿಜ್ಞಾನವನ್ನು ಪುಸ್ತಕದಿಂದ ಬಿಡಿಸಿ ಮಕ್ಕಳ ಕೈಗೆ ಕೊಟ್ಟವರು ಯಾರೆಂದು ಹಿರಿಯ ಶಿಕ್ಷಕರನ್ನು ಕೇಳಿದರೆ ನಾಲ್ಕೈದು ಹೆಸರುಗಳು ಬರುತ್ತವೆ. ಅವುಗಳಲ್ಲಿ ಪೂಜ್ಯ ಗುರುಗಳಾದ ಶ್ರೀ ಕದರಯ್ಯನವರ ಹೆಸರು ತಪ್ಪುವುದಿಲ್ಲ. ‘ಪೂಜ್ಯ’ ಎಂಬ ಮಾತನ್ನು ಕಂಡೊಡನೆ ಅವರು ಕೆಂಪು ಪೆನ್ನು ಹುಡುಕುತ್ತಾರೆಂದು ನನಗೆ ಗೊತ್ತು. ಮನುಷ್ಯರನ್ನು ಗೌರವಿಸಿ, ಪೂಜಿಸಬೇಡಿ ಎಂದು ಜೀವಮಾನವಿಡೀ ಹೇಳಿಕೊಂಡು ಬಂದವರು ಅವರು. ಆದರೆ ಅಭಿನಂದನ ಗ್ರಂಥವೆಂಬುದು ಶಿಷ್ಯರ ಸೀಮೆ. ಇಲ್ಲಿ ಅವರ ಪೆನ್ನು ನಡೆಯುವುದಿಲ್ಲ.

ಈ ಗ್ರಂಥದ ಸಂಪಾದಕರಾದ ಶಿವರಾಮಯ್ಯನವರು ನನಗೆ ಪತ್ರ ಬರೆದು, ಗುರುಗಳ ಸೇವಾವಧಿಯ ಮಧುರ ನೆನಪುಗಳನ್ನು ಕಳಿಸಿಕೊಡಬೇಕೆಂದು ಕೇಳಿದರು. ಮಧುರವಾದವು ಇವೆ, ಬರೆಯುತ್ತೇನೆ. ಆದರೆ ಗುಬ್ಬಿಯ ಸದ್ಬೋಧ ಮಿಷನ್ ಶಾಲೆಯಲ್ಲಿ ಮೊದಲು ಅವರ ಶಿಷ್ಯೆಯಾಗಿಯೂ ಆಮೇಲೆ ಸಹೋದ್ಯೋಗಿಯಾಗಿಯೂ ಇದ್ದ ನಾನು, ಅಲ್ಲಿ ಏನೂ ಆಗಲೇ ಇಲ್ಲವೆಂಬಂತೆ ಬರೆದರೆ ಅದನ್ನು ಮೊದಲು ಹರಿದು ಹಾಕುವವರು ಗುರುಗಳೇ. ಸುಳ್ಳು ಪ್ರಯೋಗದ ಫಲಿತಾಂಶವನ್ನು ಅವರು ಯಾವತ್ತೂ ಒಪ್ಪಿದವರಲ್ಲ.

ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ ಅವರು ಗುಬ್ಬಿಗೆ ಬಂದಾಗ ನನಗೆ ಹತ್ತು ವರ್ಷ. ನಮ್ಮೂರು ಕಡಬ. ಗಂಡಸು ದಿಕ್ಕಿಲ್ಲದ ಮನೆಯ ಹೆಣ್ಣುಮಕ್ಕಳನ್ನು ಊಟ ಹಾಕಿ ಓದಿಸುವ ಜಾಗ ಆಗ ನಮ್ಮ ಸುತ್ತಮುತ್ತ ಒಂದೇ ಒಂದಿತ್ತು. ಅದು ಮಿಷನ್ ಶಾಲೆಯ ಹಿಂದಿನ ಬೋರ್ಡಿಂಗು. ಶಾಲೆಯ ಮೇಷ್ಟ್ರುಗಳಿಗೆ ಸಂಬಳ ಸರ್ಕಾರದ್ದು, ಬೋರ್ಡಿಂಗಿನ ಮುದ್ದೆ ಮಾತ್ರ ಚರ್ಚಿನ ಸಭೆಯವರದು. ಗುಬ್ಬಿ, ತುಮಕೂರಿನ ಕ್ರೈಸ್ತ ಮನೆಗಳ ಹೆಂಗಸರು ದಿನಾ ಅಡಿಗೆಗೆ ಹಿಟ್ಟು ತೆಗೆಯುವಾಗ ಒಂದು ಹಿಡಿ ರಾಗಿಯನ್ನು ಬೇರೆ ಮಡಕೆಗೆ ಹಾಕುತ್ತಿದ್ದರು. ತಿಂಗಳ ಕೊನೆಯ ಭಾನುವಾರ ಆ ಹಿಡಿ ರಾಗಿಯೆಲ್ಲ ಚರ್ಚಿಗೆ ಬಂದು, ಅಲ್ಲಿಂದ ನಮ್ಮ ತಟ್ಟೆಗೆ ಬರುತ್ತಿತ್ತು. ಅವರಲ್ಲಿ ಎಷ್ಟೋ ಜನ ನಮಗಿಂತ ಬಡವರೆಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ.

ಹೆಡ್‌ಮಾಸ್ತರರು ಎಬನೇಜರ್ ಸುಗುಣಪ್ಪನವರು. ಬಿಳಿ ಪಂಚೆ, ಕರಿ ಕೋಟು, ಜೇಬಿನಲ್ಲಿ ಸಣ್ಣ ಹೊಸ ಒಡಂಬಡಿಕೆ. ಹಳ್ಳಿಯವರು ಅವರನ್ನು ಅಯ್ನೋರು ಎಂದೇ ಕರೆಯುತ್ತಿದ್ದರು. ಕದರಯ್ಯನವರು ಸಂದರ್ಶನಕ್ಕೆ ಬಂದ ದಿನ, ತಾವು ದೇವರನ್ನು ನಂಬುವವರಲ್ಲವೆಂದೂ ಬೆಳಗಿನ ಪ್ರಾರ್ಥನೆಗೆ ನಿಲ್ಲುವುದಿಲ್ಲವೆಂದೂ ತಾವಾಗಿಯೇ ಹೇಳಿದರಂತೆ. ಅದಕ್ಕೆ ಸುಗುಣಪ್ಪನವರು, “ನನಗೆ ವಿಜ್ಞಾನ ಹೇಳಿಕೊಡೋ ಮೇಷ್ಟ್ರು ಬೇಕಾಗಿದ್ದಾರೆ. ನಂಬಿಕೆ ಹೇಳಿಕೊಡೋದಕ್ಕೆ ನಾನಿದ್ದೀನಲ್ಲ” ಎಂದು ನೇಮಕದ ಆದೇಶಕ್ಕೆ ಸಹಿ ಹಾಕಿದರಂತೆ.

ಮಾರನೆಯ ಬೆಳಿಗ್ಗೆಯಿಂದಲೇ ಒಂದು ಪದ್ಧತಿ ಶುರುವಾಯಿತು. ನಾವೆಲ್ಲ ಹಾಲಿನಲ್ಲಿ ಸಾಲಾಗಿ ನಿಂತ ಮೇಲೆ ಹೆಡ್‌ಮಾಸ್ತರರು ಬಾಗಿಲು ಮುಚ್ಚಿಸುತ್ತಿದ್ದರು. ಕದರಯ್ಯ ಮೇಷ್ಟ್ರು ಹೊರಗೆ ವರಾಂಡದಲ್ಲಿ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ಸ್ಟಾಫ್ ರೂಮಿಗೆ ಹೋಗಿ ಕೂರಬಹುದಿತ್ತು, ಹೋಗುತ್ತಿರಲಿಲ್ಲ. ಒಳಗೆ ಹಾಡು, ಬೈಬಲ್ ವಾಕ್ಯ, ಪ್ರಾರ್ಥನೆ ಮುಗಿದೊಡನೆ ಹೆಡ್‌ಮಾಸ್ತರರು ಜವಾನನನ್ನು ಕರೆಯದೆ ತಾವೇ ಹೋಗಿ ಬಾಗಿಲು ತೆಗೆದು, “ಆಯ್ತು, ಬನ್ನಿ ಮೇಷ್ಟ್ರೇ” ಎನ್ನುತ್ತಿದ್ದರು. ಮೇಷ್ಟ್ರು ಒಳಗೆ ಬಂದು ಆ ದಿನದ ಸುದ್ದಿ ಓದುತ್ತಿದ್ದರು. ಹದಿನಾರು ವರ್ಷ ಈ ಪದ್ಧತಿ ಒಂದು ದಿನವೂ ತಪ್ಪಲಿಲ್ಲ. ಜಗಳ ಕೋರ್ಟಿನ ಮೆಟ್ಟಿಲು ಹತ್ತುವ ಹಾಗಿದ್ದ ದಿನಗಳಲ್ಲೂ ಬಾಗಿಲು ತೆಗೆಯುವ ಕೈ ಅದೇ ಆಗಿತ್ತು.

ಗುರುಗಳು ನನಗೆ ಮಾಡಿದ ಉಪಕಾರಗಳನ್ನು ಪಟ್ಟಿ ಹಾಕಿದರೆ ಶಿವರಾಮಯ್ಯನವರು ಕೊಟ್ಟ ಪುಟಗಳು ಸಾಲುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಏಳನೆಯ ತರಗತಿಯಲ್ಲಿ ನನಗೆ ವಿಷಮಶೀತ ಜ್ವರ ಬಂತು. ಮೇಷ್ಟ್ರು ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿ, ಬೀಳದ ಹಾಗೆ ಪಂಚೆಯಿಂದ ತಮ್ಮ ಸೊಂಟಕ್ಕೆ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ದರು. ಹೆಡ್‌ಮಾಸ್ತರರು ಮೂರು ದಿನ ನನ್ನ ಮಂಚದ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದರು. ನಾನು ಬದುಕಿದೆ. ಔಷಧಿಯಿಂದ ಎಂದು ಒಬ್ಬರು, ಕರುಣೆಯಿಂದ ಎಂದು ಇನ್ನೊಬ್ಬರು. ನಮ್ಮವ್ವ ಪುಟ್ಟತಾಯಮ್ಮ ಕಡಬದಿಂದ ಎರಡು ತೆಂಗಿನಕಾಯಿ ತಂದು, ಒಂದನ್ನು ಅಯ್ನೋರ ಮುಂದೆ, ಇನ್ನೊಂದನ್ನು ಮೇಷ್ಟ್ರ ಮುಂದೆ ಇಟ್ಟು ಕೈಮುಗಿದಳು. ಇಬ್ಬರೂ ನಕ್ಕರು. ಆ ಎರಡು ಕಾಯಿಗಳನ್ನು ಅವತ್ತೇ ನಾವೆಲ್ಲ ಸ್ವಲ್ಪ ಸರಿಯಾಗಿ ನೋಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಎಪ್ಪತ್ತರ ಸುಮಾರಿಗೆ ತುಮಕೂರಿನ ಬಟವಾಡಿಯಲ್ಲಿ ಒಂದು ಬಾಡಿಗೆ ಮನೆಯ ಮುಂಗೋಣೆಯಲ್ಲಿ ಮಾನವತಾವಾದಿಗಳ ಬಳಗವೊಂದು ಕೂಡುತ್ತಿತ್ತು. ಒಬ್ಬ ವಕೀಲರು, ಒಬ್ಬ ಕಂಪೌಂಡರು, ಇಬ್ಬರು ಗುಮಾಸ್ತರು, ಭಾನುವಾರ ಗುಬ್ಬಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದ ನಮ್ಮ ಮೇಷ್ಟ್ರು, ಒಟ್ಟು ಐದು ಜನ. ಚುರುಮುರಿ ತಿಂದುಕೊಂಡು ಸಂವಿಧಾನ ಓದುತ್ತಿದ್ದರು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಯಾವ ಮಗುವನ್ನೂ, ಅದರ ತಂದೆತಾಯಿಯ ಒಪ್ಪಿಗೆಯಿಲ್ಲದೆ, ಮತಬೋಧನೆಗೆ ಕೂರಿಸಬಾರದೆಂಬ ಇಪ್ಪತ್ತೆಂಟನೆಯ ವಿಧಿ ಅವರ ಕಣ್ಣಿಗೆ ಬಿದ್ದದ್ದು ಅಲ್ಲಿ. ನಮ್ಮ ಶಾಲೆಯಲ್ಲಿ ಮೊದಲ ಪೀರಿಯಡ್ಡು ಬೈಬಲ್ ಪಾಠ. ಅದಕ್ಕೆ ಯಾರ ಒಪ್ಪಿಗೆಯನ್ನೂ ಯಾರೂ ಕೇಳಿದ್ದಿಲ್ಲ.

ಎಪ್ಪತ್ತನಾಲ್ಕರಲ್ಲಿ ಅವರು ಹೆಡ್‌ಮಾಸ್ತರರಿಗೆ ಬರೆದ ಪತ್ರದ ನಕಲು ನನ್ನಲ್ಲಿದೆ. ಪಾಠ ನಿಲ್ಲಿಸಿ ಎಂದು ಅದರಲ್ಲಿ ಎಲ್ಲಿಯೂ ಇಲ್ಲ. “ಕೇಳಬೇಕು, ಅಷ್ಟೇ” ಎಂದಿದೆ. ಸುಗುಣಪ್ಪನವರು ಮೂವತ್ತನೆಯ ವಿಧಿಯನ್ನು ಎತ್ತಿ ತೋರಿಸಿ, ಅಲ್ಪಸಂಖ್ಯಾತರು ತಮ್ಮ ಶಾಲೆಯನ್ನು ತಮ್ಮಂತೆ ನಡೆಸಬಹುದೆಂದು ಉತ್ತರಿಸಿದರು. ಕೆಳಗೆ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದರು: “ಯಾರೂ ಸೇರಿಸಿಕೊಳ್ಳದ ಮಕ್ಕಳನ್ನು ಸೇರಿಸಿಕೊಂಡಾಗ ನಮ್ಮನ್ನು ಯಾರೂ ಏನೂ ಕೇಳಲಿಲ್ಲ.” ಎರಡೂ ಕಡೆ ನ್ಯಾಯವಿದ್ದ ಜಗಳಕ್ಕೆ ಕೊನೆ ಯಾವಾಗಲೂ ಕೆಟ್ಟದ್ದೇ. ಮರುವರ್ಷ ತುರ್ತುಪರಿಸ್ಥಿತಿ ಬಂತು, ಬಟವಾಡಿಯ ವಕೀಲರು ಮನೆಗೆ ಬೀಗ ಹಾಕಿಕೊಂಡು ಹೆಂಡತಿಯ ತವರಿಗೆ ಹೋದರು, ಅರ್ಜಿಗಳೆಲ್ಲ ಪೆಟ್ಟಿಗೆ ಸೇರಿದವು.

ಎಪ್ಪತ್ತೇಳರಲ್ಲಿ ನಾನು ಅದೇ ಶಾಲೆಗೆ ಗಣಿತದ ಶಿಕ್ಷಕಿಯಾಗಿ ಬಂದೆ. ನನ್ನ ತಂಗಿ ನಿಂಗಮ್ಮ ಆಗ ಬೋರ್ಡಿಂಗಿನಲ್ಲಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಲೆಕ್ಕದಲ್ಲಿ ನನಗಿಂತ ಹತ್ತು ಪಾಲು ಚುರುಕು. ಕಪ್ಪುಹಲಗೆಯ ಮೇಲೆ ನಾನು ಲೆಕ್ಕ ಬರೆದು ತಿರುಗುವಷ್ಟರಲ್ಲಿ ಉತ್ತರ ಹೇಳಿ ಉಳಿದವರ ಕೈಲಿ ಬೈಸಿಕೊಳ್ಳುತ್ತಿದ್ದಳು. ಕದರಯ್ಯ ಮೇಷ್ಟ್ರು ಅವಳಿಗೆ ತಮ್ಮ ಹಳೆಯ ಜಾಮಿಟ್ರಿ ಬಾಕ್ಸ್ ಕೊಟ್ಟಿದ್ದರು. “ಇವಳನ್ನ ಕಾಲೇಜಿನ ತನಕ ನೋಡ್ಕೊಳ್ಳೋದು ನಮ್ಮಿಬ್ಬರ ಕೆಲಸ ಕಣಮ್ಮ” ಎಂದು ನನಗೆ ಹೇಳುತ್ತಿದ್ದರು.

ಎಪ್ಪತ್ತೆಂಟರಲ್ಲಿ ಬಳಗದ ಅರ್ಜಿ ಮತ್ತೆ ಇಲಾಖೆಗೆ ಹೋಯಿತು. ಎಪ್ಪತ್ತೊಂಬತ್ತರ ಬೇಸಿಗೆಗೆ ಮುಂಚೆ ಆದೇಶ ಬಂತು: ಪ್ರತಿ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಮೇಷ್ಟ್ರೇ ಬರೆದುಕೊಟ್ಟ ಚೀಟಿ ಅಚ್ಚಾಯಿತು. ಎರಡು ಚೌಕ, ಒಂದರ ಮೇಲೆ ‘ಒಪ್ಪಿಗೆ ಇದೆ’, ಇನ್ನೊಂದರ ಮೇಲೆ ‘ಒಪ್ಪಿಗೆ ಇಲ್ಲ’. ನೊಂದಿದ್ದ ಹೆಡ್‌ಮಾಸ್ತರರು ಎದುರಾಡಲಿಲ್ಲ. “ಕೇಳಬೇಕು ಅಂದವರು ನೀವು, ಕೇಳಿಕೊಂಡು ಬನ್ನಿ” ಎಂದು ಚೀಟಿಯ ಕಟ್ಟನ್ನು ಮೇಷ್ಟ್ರ ಕೈಗೇ ಕೊಟ್ಟರು. ಆ ರಜೆಯಲ್ಲಿ ಮೇಷ್ಟ್ರು ಹೆಬ್ಬೆಟ್ಟಿನ ಇಂಕ್‌ಪ್ಯಾಡ್ ಹಿಡಿದುಕೊಂಡು ಗುಬ್ಬಿ ತಾಲ್ಲೂಕಿನ ಹಳ್ಳಿಹಳ್ಳಿ ಅಲೆದರು. ಕಡಬಕ್ಕೆ ನಾನೂ ಜೊತೆಗೆ ಹೋದೆ.

ನಮ್ಮವ್ವ ಜಗಲಿಯ ಮೇಲೆ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಮೇಷ್ಟ್ರು ಚೀಟಿ ತೋರಿಸಿ, ನಿಂಗಮ್ಮ ಬೈಬಲ್ ಪಾಠಕ್ಕೆ ಕೂರಬಹುದೆಂದರೆ ಇಲ್ಲಿ ಒತ್ತು, ಬೇಡವೆಂದರೆ ಅಲ್ಲಿ ಒತ್ತು, ಯಾವುದಕ್ಕೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ನಿಧಾನವಾಗಿ ವಿವರಿಸಿದರು. ಅವ್ವ ಕೇಳಿಸಿಕೊಂಡಳು. ಹೆಬ್ಬೆಟ್ಟನ್ನು ಇಂಕಿಗೆ ಅದ್ದಿ ಮೊದಲ ಚೌಕಕ್ಕೆ ಒತ್ತಿದಳು. ಮತ್ತೆ ಅದ್ದಿ ಎರಡನೆಯದಕ್ಕೂ ಒತ್ತಿದಳು.

“ಹಂಗಲ್ಲ ಪುಟ್ಟತಾಯಮ್ಮ, ಒಂದೇ ಕಡೆ.”

“ಅಯ್ನೋರು ಅನ್ನ ಹಾಕವ್ರೆ. ನೀವು ಈ ದೊಡ್ಡ್ ಮಗೀನ ಜೀವ ಉಳ್ಸಿದೀರಿ. ಯಾರ್ನ ಬುಡ್ಲಿ ನಾನು?”

“ಎರಡೂ ಕಡೆ ಒತ್ತಿದ್ರೆ ಅದಕ್ಕೆ ಅರ್ಥ ಇಲ್ಲ ಕಣವ್ವ.”

“ಅರ್ಥ ನಿಮ್ಗಿರ್ಲಿ ಬುಡಿ ಮೇಷ್ಟ್ರೇ. ನಮ್ಗೆ ಮರ್ಯಾದೆ ಇರ್ಲಿ” ಎಂದು ಅವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ನಾನು ಪಕ್ಕದಲ್ಲೇ ಕೂತಿದ್ದೆ. ಅವ್ವ, ಮೊದಲನೆಯದಕ್ಕೆ ಮಾತ್ರ ಒತ್ತು ಎಂದು ನಾನು ಒಂದು ಮಾತು ಹೇಳಿದ್ದರೆ ಒತ್ತುತ್ತಿದ್ದಳು. ಹೇಳಲಿಲ್ಲ. ‘ಇದೆ’ ಎನ್ನಿಸಿದರೆ ಗುರುಗಳಿಗೆ ಎದುರಾದಂತೆ, ‘ಇಲ್ಲ’ ಎನ್ನಿಸಿದರೆ ಕೆಲಸ ಕೊಟ್ಟ ಹೆಡ್‌ಮಾಸ್ತರರಿಗೆ ಎದುರಾದಂತೆ ಎಂದು ಸುಮ್ಮನಿದ್ದೆ. ಬಿ.ಎಸ್ಸಿ. ಓದಿದ ಮಗಳು ಬಾಯಿ ಮುಚ್ಚಿಕೊಂಡು ಮಾಡಿದ್ದನ್ನೇ ಓದದ ತಾಯಿ ಹೆಬ್ಬೆಟ್ಟಿನಲ್ಲಿ ಮಾಡಿದ್ದಳು. ಹಾಗಾಗಿ ಅವಳನ್ನು ದಡ್ಡಿ ಎನ್ನುವ ಹಕ್ಕು ನನಗಂತೂ ಇಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ನೂರ ಎಪ್ಪತ್ತೊಂದು ಚೀಟಿ ವಾಪಸು ಬಂದವು. ತೊಂಬತ್ತನಾಲ್ಕರಲ್ಲಿ ಎರಡೂ ಚೌಕಕ್ಕೆ ಹೆಬ್ಬೆಟ್ಟು ಬಿದ್ದಿತ್ತು. ಬೋರ್ಡಿಂಗಿನ ಇಪ್ಪತ್ತೇಳು ಹುಡುಗಿಯರದು ಪೂರ್ತಿ ಹಾಗೆಯೇ. ಒಬ್ಬರಿಗೊಬ್ಬರು ಹೇಳಿಕೊಟ್ಟದ್ದಲ್ಲ; ಬೇರೆ ಬೇರೆ ಹಳ್ಳಿ, ಬೇರೆ ಬೇರೆ ಜಾತಿ. ಹಿರಿಯರಿಬ್ಬರ ನಡುವೆ ಒಬ್ಬರನ್ನು ಆರಿಸು ಎಂದರೆ ನಮ್ಮ ಜನ ಮಾಡುವುದೇ ಅದು. ಬಟವಾಡಿಯ ಐದು ಜನರಲ್ಲಿ ಯಾರಿಗೂ, ಹಳ್ಳಿಯಲ್ಲಿ ಹುಟ್ಟಿದ ನಮ್ಮ ಮೇಷ್ಟ್ರಿಗೂ, ಇದು ಮುಂಚೆ ಹೊಳೆದಿರಲಿಲ್ಲ.

ಸ್ಟಾಫ್ ರೂಮಿನ ಮೇಜಿನ ಮೇಲೆ ಚೀಟಿಗಳನ್ನು ಹರಡಿಕೊಂಡು ಇಬ್ಬರೂ ಕೂತದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

“ಒಪ್ಪಿಗೆ ಇದೆ ಅನ್ನೋ ಕಡೆ ಹೆಬ್ಬೆಟ್ಟು ಇದೆಯಲ್ಲ ಮೇಷ್ಟ್ರೇ, ಸಾಕಲ್ಲ” ಎಂದರು ಸುಗುಣಪ್ಪನವರು.

“ಇಲ್ಲ ಅನ್ನೋ ಕಡೇನೂ ಇದೆಯಲ್ಲ ಸಾರ್.”

“ಹಾಗಾದ್ರೆ ಹೊಸ ಚೀಟಿ ಕೊಡೋಣ. ಒಂದೇ ಕಡೆ ಒತ್ತಿಸಿ. ಎಲ್ಲಿ ಒತ್ತಿಸಿದ್ರೂ ನಾನು ಕೇಳೋದಿಲ್ಲ.”

“ನಾವು ಹೇಳಿ ಒತ್ತಿಸಿದ್ರೆ ಅದು ಅವರ ಒಪ್ಪಿಗೆ ಹೆಂಗಾಗುತ್ತೆ ಸಾರ್? ಒತ್ತಿದ್ದು ಒತ್ತಿದ್ದೇ.”

ಗುರುಗಳ ಇಡೀ ಜೀವನದ ಪ್ರಾಮಾಣಿಕತೆ ಆ ಒಂದು ಮಾತಿನಲ್ಲಿತ್ತು. ಅವತ್ತು ಅವರು ಸ್ವಲ್ಪ ಅಪ್ರಾಮಾಣಿಕರಾಗಿದ್ದರೆ ಎಂದು ನಾನು ಎಷ್ಟು ಸಲ ಹಲುಬಿದ್ದೇನೋ ಲೆಕ್ಕವಿಲ್ಲ. ಚೀಟಿಗಳು ಇದ್ದ ಹಾಗೆಯೇ ಇಲಾಖೆಗೆ ಹೋದವು. ಬಂದ ಇನ್ಸ್‌ಪೆಕ್ಟರು ಒಂದು ಕಟ್ಟನ್ನು ಬಿಚ್ಚಿ ನೋಡಿ, ನಕ್ಕು, ಒಂದೇ ಕಡೆ ಒತ್ತಿದ್ದವನ್ನು ಬೇರೆ ಮಾಡುವ ಗೋಜಿಗೆ ಹೋಗದೆ, ಎಲ್ಲವೂ ಅಸಿಂಧು ಎಂದು ಬರೆದರು. ಒಪ್ಪಿಗೆ ಇಲ್ಲವಾದ್ದರಿಂದ ಪಾಠ ನಿಲ್ಲಬೇಕು. ಜುಲೈ ತಿಂಗಳಿಂದ ಮೊದಲ ಪೀರಿಯಡ್ಡು ಗಣಿತವಾಯಿತು. ಆ ಗಣಿತ ನನ್ನ ಪಾಲಿಗೇ ಬಂತು.

ಮೇಷ್ಟ್ರು ಬಯಸಿದ್ದು ಇದಲ್ಲ. ತಾಯಂದಿರು ‘ಇದೆ’ ಎಂದು ಒತ್ತಿದ್ದರೆ ಅವರೇ ಹುಡುಗಿಯರನ್ನು ಬೈಬಲ್ ಪಾಠಕ್ಕೆ ಕಳಿಸಿ ವರಾಂಡದಲ್ಲಿ ನಿಲ್ಲುತ್ತಿದ್ದರು. ಆದರೆ ಚರ್ಚಿನ ಹೆಂಗಸರಿಗೆ ಅದನ್ನು ಯಾರು ಹೇಳಬೇಕು? ಹಿಡಿ ರಾಗಿಯ ಮಡಕೆಗಳು ಮೊದಲ ತಿಂಗಳು ಅರ್ಧ ಬಂದವು. ಎರಡನೆಯ ತಿಂಗಳು ಬರಲಿಲ್ಲ. “ಸ್ವಾಮಿಯ ಹೆಸರು ಹೇಳಬಾರದು ಅಂದಮೇಲೆ ಸ್ವಾಮಿಯ ರಾಗಿ ಯಾಕಂತೆ?” ಎಂದು ಒಬ್ಬ ಹೆಂಗಸು ನನ್ನ ಮುಖಕ್ಕೇ ಕೇಳಿದರು. ತಮ್ಮ ಮಕ್ಕಳ ಬಾಯಿಂದ ತೆಗೆದು ಕೊಟ್ಟ ರಾಗಿ ಅದು. ಅವರ ಕೋಪವನ್ನು ನಾನು ಇವತ್ತಿಗೂ ತಪ್ಪೆನ್ನಲಾರೆ. ಸುಗುಣಪ್ಪನವರು ಮನೆಮನೆಗೆ ಹೋಗಿ ಕೇಳಿಕೊಂಡರು. ಪಾಠ ಕಳೆದುಕೊಂಡು ಬಂದ ಹೆಡ್‌ಮಾಸ್ತರರ ಮಾತು ಅವರ ಸಭೆಯಲ್ಲಿಯೇ ನಡೆಯಲಿಲ್ಲ. ಮೇಷ್ಟ್ರು ತಾವೇ ಎರಡು ಮೂಟೆ ರಾಗಿ ತಂದು ಹಾಕಿದರು. ಇಪ್ಪತ್ತೇಳು ಹೊಟ್ಟೆಗೆ ಅದು ಎಷ್ಟು ದಿನ ಬರುತ್ತದೆ? ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ನಾನು ಆ ವರ್ಷ ಇಪ್ಪತ್ತೇಳು ಸಲ ಕಣ್ಣಾರೆ ಕಂಡೆ.

ಎಂಬತ್ತರ ಜನವರಿಯಲ್ಲಿ ಬೋರ್ಡಿಂಗ್ ಮುಚ್ಚಿತು. ತಾಯಂದಿರು, ಮಾವಂದಿರು ಬಂದು ಒಬ್ಬೊಬ್ಬರನ್ನೇ ಕರೆದುಕೊಂಡು ಹೋದರು. ನಿಂಗಮ್ಮ ಆಗ ಎಂಟನೆಯ ತರಗತಿ. ಜಾಮಿಟ್ರಿ ಬಾಕ್ಸನ್ನು ಲಂಗದ ಗಂಟಿಗೆ ಸಿಕ್ಕಿಸಿಕೊಂಡು, “ಪರೀಕ್ಷೆಗೆ ಕರೀತೀಯ ಅಲ್ವಾ ಅಕ್ಕ?” ಎಂದು ಕೇಳಿದಳು. ಅವಳನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಆ ವರ್ಷ ನಾನು ಹೊಸದಾಗಿ ಮದುವೆಯಾಗಿ ಅತ್ತೆಮನೆಯಲ್ಲಿದ್ದೆ. ಕೇಳಿದೆ, ಬೇಡವೆಂದರು. ಎರಡನೆಯ ಸಲ ಕೇಳಲಿಲ್ಲ. ಮೇಷ್ಟ್ರು ತಮ್ಮ ಮನೆಯಲ್ಲಿರಲಿ ಎಂದರು, ಆದರೆ ಒಂಟಿ ಗಂಡಸಿನ ಮನೆಗೆ ಬೆಳೆದ ಹುಡುಗಿಯನ್ನು ಕಳಿಸಲು ಅವ್ವ ಒಪ್ಪಲಿಲ್ಲ. ಆ ಒಂದು ಸಾರಿ ಅವಳು ಸ್ಪಷ್ಟವಾಗಿ ಇಲ್ಲ ಎಂದಳು. ಮುಂದಿನ ವೈಶಾಖದಲ್ಲಿ ಸೋದರಮಾವ ಗಂಡು ಗೊತ್ತು ಮಾಡಿ ಅವಳನ್ನು ಕೋರ ಎಂಬ ಊರಿಗೆ ಕೊಟ್ಟರು.

ಬೋರ್ಡಿಂಗ್ ಮುಚ್ಚಿದ ವಾರದಲ್ಲಿ ಊರಿನ ಕೆಲವು ಗಣ್ಯರು ಹಾರ ಹಿಡಿದುಕೊಂಡು ಶಾಲೆಗೆ ಬಂದರು. “ಪಾದ್ರಿಗಳಿಗೆ ಒಳ್ಳೇ ಪಾಠ ಕಲಿಸಿದ್ರಿ ಮೇಷ್ಟ್ರೇ” ಎಂದು ಕೊರಳಿಗೆ ಹಾಕಿದರು. ಅವರಲ್ಲಿ ಒಬ್ಬರೂ ಒಂದು ಹುಡುಗಿಗೆ ಒಂದು ಹೊತ್ತಿನ ಮುದ್ದೆ ಹಾಕಿದವರಲ್ಲ. ಮೇಷ್ಟ್ರು ಹಾರವನ್ನು ತೆಗೆದು ಮೇಜಿನ ಮೇಲಿಟ್ಟು ಕ್ಲಾಸಿಗೆ ಹೋದರು. ಅವತ್ತು ಅವರು ಏನು ಪಾಠ ಮಾಡಿದರೆಂದು ಮಕ್ಕಳನ್ನು ಕೇಳಿದೆ. ಸುಮ್ಮನೆ ಕಿಟಕಿ ನೋಡುತ್ತ ನಿಂತಿದ್ದರಂತೆ.

ಎಂಬತ್ತೊಂದರಲ್ಲಿ ಸುಗುಣಪ್ಪನವರು ನಿವೃತ್ತರಾದರು. ಆಡಳಿತ ಮಂಡಳಿ ಗುರುಗಳನ್ನು ಕುಣಿಗಲ್ಲಿನ ತಮ್ಮ ಶಾಲೆಗೆ ವರ್ಗ ಮಾಡಿತು. ಅಲ್ಲಿ ಅವರು ಏಳು ವರ್ಷ ವಿಜ್ಞಾನ ಹೇಳಿದರು, ಮಕ್ಕಳಿಂದ ಮಳೆಮಾಪಕ ಮಾಡಿಸಿದರು, ಒಳ್ಳೆಯ ಹೆಸರು ಪಡೆದರು. ಆ ಸಾಧನೆಗಳನ್ನು ಬೇರೆ ಲೇಖಕರು ಈ ಗ್ರಂಥದಲ್ಲಿ ವಿವರವಾಗಿ ಬರೆದಿದ್ದಾರೆ. ನಾನು ಬರೆಯಬೇಕಾದದ್ದು ಎಂಬತ್ತಮೂರರ ಅರ್ಜಿಯನ್ನು. ಕುಣಿಗಲ್ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಎಲ್ಲ ಮಕ್ಕಳನ್ನೂ ಕಡ್ಡಾಯವಾಗಿ ಪೂಜೆಗೆ ನಿಲ್ಲಿಸಿ, ನಿಲ್ಲದ ಮೂವರು ಕ್ರೈಸ್ತ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಿದ ಸುದ್ದಿ ಬಂತು. ಗುರುಗಳು ಅದೇ ಇಪ್ಪತ್ತೆಂಟನೆಯ ವಿಧಿಯನ್ನು ಹಿಡಿದು ಅರ್ಜಿ ಬರೆದರು. ಸರ್ಕಾರದ್ದೇ ಶಾಲೆಯಾದ್ದರಿಂದ ಇಲ್ಲಿ ಒಪ್ಪಿಗೆಯ ಪ್ರಶ್ನೆಯೂ ಇಲ್ಲ, ಮತಬೋಧನೆಯೇ ಕೂಡದು ಎಂದು ವಾದಿಸಿದರು. ಹಾರ ಹಾಕಿದ ಗಣ್ಯರ ಮನೆಗಳಿಗೆ ಸಹಿಗಾಗಿ ಹೋದರು. ಒಬ್ಬರು ಊರಲ್ಲಿರಲಿಲ್ಲ, ಒಬ್ಬರಿಗೆ ಸ್ನಾನ, ಇನ್ನೊಬ್ಬರು, “ಅದೇ ಬೇರೆ, ಇದೇ ಬೇರೆ ಮೇಷ್ಟ್ರೇ” ಎಂದು ಕಾಫಿ ಕೊಟ್ಟು ಕಳಿಸಿದರು. ಬಟವಾಡಿಯ ಬಳಗ ಆ ಹೊತ್ತಿಗೆ ಚದುರಿಹೋಗಿತ್ತು.

ಕೇಳದೆಯೇ ಬಂದ ಸಹಿ ಒಂದೇ ಒಂದು. ಸುಗುಣಪ್ಪನವರು ಗುಬ್ಬಿಯಿಂದ ಎರಡು ಬಸ್ಸು ಬದಲಾಯಿಸಿ ಕುಣಿಗಲ್ಲಿಗೆ ಬಂದು, “ಎಲ್ಲಿ, ಕೊಡಿ” ಎಂದು ಅರ್ಜಿ ಓದಿ ಸಹಿ ಹಾಕಿದರು. ನಿಮ್ಮ ಮೊದಲಿನ ಅರ್ಜಿಯಲ್ಲಿದ್ದದ್ದೂ ಇದೇ, ನನಗೆ ಆಗಲೇ ಅರ್ಥವಾಗಬೇಕಿತ್ತು ಎಂದರಂತೆ. ಚೀಟಿಯಲ್ಲಿ ಎರಡು ಚೌಕ ನಾನೂ ಹಾಕಬಾರದಿತ್ತು ಎಂದರಂತೆ ಮೇಷ್ಟ್ರು. ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ತಿಂದರಂತೆ. ಆದರೆ ಆ ಒಂದು ಸಹಿಯಿಂದಲೇ ಅರ್ಜಿ ಕೆಟ್ಟಿತು. ಇದು ಪಾದ್ರಿಗಳು ಮಾಡಿಸಿದ ಅರ್ಜಿ ಎಂದು ಊರೆಲ್ಲ ಸುದ್ದಿಯಾಗಿ, ಕಡತ ಮೇಜಿನಿಂದ ಮೇಜಿಗೆ ಹೋಗಿ ಎಲ್ಲಿಯೋ ನಿಂತುಹೋಯಿತು. ಪೂಜೆ ನಡೆಯುತ್ತಲೇ ಇದೆ. ಬೈಬಲ್ ಪಾಠ ನಿಂತದ್ದು ಮಾತ್ರ ನಿಂತೇ ಇದೆ. ಧರ್ಮವನ್ನೂ ಸರ್ಕಾರವನ್ನೂ ಬೇರೆ ಬೇರೆ ಇಡಬೇಕೆಂದು ಹೊರಟ ಮನುಷ್ಯನ ಜೀವಮಾನದ ಫಲ, ಹಿಡಿಯಷ್ಟು ಜನರ ಧರ್ಮವನ್ನು ಮಾತ್ರ ಹೊರಗೆ ಹಾಕಿದ್ದು. ಇದಕ್ಕಿಂತ ದೊಡ್ಡ ಸೋಲನ್ನು ನಾನು ಕಂಡಿಲ್ಲ, ಗುರುಗಳೂ ಕಂಡಿಲ್ಲ.

ಎಂಬತ್ತೈದರಲ್ಲಿ ಸುಗುಣಪ್ಪನವರು ತೀರಿಕೊಂಡರು. ಗುಬ್ಬಿಯ ಚರ್ಚಿನಲ್ಲಿ ಆರಾಧನೆ ನಡೆಯುವಾಗ ಗುರುಗಳು ಹೊರಗೆ ಮೆಟ್ಟಿಲ ಪಕ್ಕದಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದರು. ನಾನು ಒಳಗಿದ್ದೆ. ಪ್ರಾರ್ಥನೆ ಮುಗಿಯಿತು, ಬಾಗಿಲು ತೆರೆಯಿತು, ಅವರನ್ನು ಯಾರೂ ಕರೆಯಲಿಲ್ಲ. ಪೆಟ್ಟಿಗೆಯನ್ನು ಹೊತ್ತವರು ಅದೇ ಬಾಗಿಲಿನಿಂದ ಹೊರಗೆ ಬಂದು ಅವರ ಮುಂದೆಯೇ ಹಾದುಹೋದರು. ಗುರುಗಳು ಮಗುವಿನ ಹಾಗೆ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇಷ್ಟು ವರ್ಷಗಳಲ್ಲಿ ನಾನು ಗುರುಗಳನ್ನು ಎಲ್ಲಿ ಕಂಡರೂ ಅವರು ಮೊದಲು ಕೇಳುವುದು, “ನಿಂಗಮ್ಮ ಹೆಂಗವ್ಳಮ್ಮ?” ನಾನು ಹೇಳುವುದು, “ಚೆನ್ನಾಗಿದ್ದಾಳೆ ಸಾರ್.” ಅಭಿನಂದನ ಗ್ರಂಥದಲ್ಲಿ ಬರೆಯಬಾರದ ಮಾತಾದರೂ ಇಲ್ಲಿ ಬರೆಯುತ್ತೇನೆ: ಗುರುಗಳೇ, ಚೆನ್ನಾಗಿಲ್ಲ. ಎರಡು ವರ್ಷದ ಹಿಂದೆ ರೇಷನ್ ಕಾರ್ಡಿನ ಅರ್ಜಿ ತುಂಬಿಸಿಕೊಳ್ಳಲು ನನ್ನ ಮನೆಗೆ ಬಂದಿದ್ದಳು. ತುಂಬಿ, ಸಹಿ ಹಾಕು ಎಂದು ಪೆನ್ನು ಕೊಟ್ಟೆ. ಅವಳು ಹೆಬ್ಬೆಟ್ಟು ಚಾಚಿದಳು. “ಬರೆಯೋಕೆ ಬರುತ್ತಲ್ಲೇ ನಿಂಗಿ?” ಎಂದೆ. “ಬತ್ತದೆ ಅಕ್ಕ. ಅತ್ತೆ ಮುಂದೆ ಬರದ್ರೆ ಮನೇಲಿ ಜಗ್ಳ. ಬೆಟ್ಟೇ ಸಾಕು ಬುಡು” ಎಂದಳು. ಎಂಟನೆಯ ತರಗತಿಯ ಲೆಕ್ಕವನ್ನು ನನಗಿಂತ ಮುಂಚೆ ಮಾಡುತ್ತಿದ್ದ ಹುಡುಗಿ ಅವಳು.

ಈ ಸಮಾರಂಭದ ಆಹ್ವಾನ ಪತ್ರಿಕೆ ಅಚ್ಚಾಗಿ ಬಂದಾಗ ನೋಡಿದೆ. ಮೊದಲ ಬಾಬತ್ತೇ ಪ್ರಾರ್ಥನೆ. ಗುರುಗಳ ಸಮಾರಂಭಕ್ಕೆ ಪ್ರಾರ್ಥನೆ ಬೇಡವೆಂದು ಸಮಿತಿಯಲ್ಲಿ ಹೇಳಿದೆ. ಅದಿಲ್ಲದೆ ಕಾರ್ಯಕ್ರಮ ಶುರುವಾಗುವುದು ಹೇಗೆಂದು ಎಲ್ಲರೂ ನಿಜವಾಗಿಯೇ ಆಶ್ಚರ್ಯಪಟ್ಟರು. ಕ್ಷಮೆ ಕೇಳಲು ಗುರುಗಳಲ್ಲಿಗೆ ಹೋದರೆ ಅವರು ಪತ್ರಿಕೆಯನ್ನು ಮಡಚಿ ಜೇಬಿಗಿಟ್ಟುಕೊಂಡು, “ಇರ್ಲಿ ಬುಡಮ್ಮ. ಹೊರಗೆ ನಿಂತಿರ್ತೀನಿ, ಅಭ್ಯಾಸ ಐತಲ್ಲ. ಮುಗಿದ ಮೇಲೆ ಯಾರಾದ್ರೂ ಕರೀರಿ. ಕರೆಯೋರಿಲ್ದೆ ಒಳಗೆ ಬಂದು ನನಗೆ ಗೊತ್ತಿಲ್ಲ” ಎಂದರು.

ಆ ಕೆಲಸವನ್ನು ನಾನು ನಿಂಗಮ್ಮನಿಗೆ ವಹಿಸಿದ್ದೇನೆ. ಕೋರದಿಂದ ಅವಳು ಬರುತ್ತಾಳೆ. ಪ್ರಾರ್ಥನೆ ಮುಗಿದ ತಕ್ಷಣ ಬಾಗಿಲು ತೆಗೆದು, ‘ಆಯ್ತು, ಬನ್ನಿ ಮೇಷ್ಟ್ರೇ’ ಅನ್ನಬೇಕು ಎಂದು ಹೇಳಿಕೊಟ್ಟೆ. ಅವಳು ಎರಡು ಸಲ ಹೇಳಿ ನೋಡಿಕೊಂಡಳು. ಆಮೇಲೆ, “ಒಂದ್ ಮಾತು ಕೇಳ್ಲಾ ಅವ್ರನ್ನ?” ಎಂದಳು.

“ಏನೇ?”

“ಅವತ್ತು ಅವ್ವ ಒಂದೇ ಕಡೆ ಒತ್ತಿದ್ರೆ, ನಾನು ಓದ್ತಿದ್ನಾ ಅಂತ.”

ಕೇಳು ಎಂದೆ. ಈ ಗ್ರಂಥ ಗುರುಗಳ ಕೈಸೇರುವ ಹೊತ್ತಿಗೆ ಅವಳು ಕೇಳಿರುತ್ತಾಳೆ. ನನಗೆ ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ಗೊತ್ತಿದ್ದ ಇನ್ನೊಬ್ಬರು ಗುಬ್ಬಿಯ ಚರ್ಚಿನ ಹಿಂದೆ ಮಲಗಿದ್ದಾರೆ. ಗುರುಗಳಿಗೆ ದೀರ್ಘಾಯುಸ್ಸನ್ನು ಯಾರಲ್ಲಿ ಬೇಡಬೇಕೆಂದು ಅವರು ನನಗೆ ಕಲಿಸಲಿಲ್ಲ. ಆದ್ದರಿಂದ ಅವರನ್ನೇ ಬೇಡುತ್ತೇನೆ: ಗುರುಗಳೇ, ಅವಳಿಗೆ ಉತ್ತರ ಹೇಳುವ ತನಕ ಇರಿ.